ಇಳಿಯುವ ಹೊತ್ತನ್ನು ಮೊದಲು ಗೊತ್ತುಮಾಡು

ಪ್ರೀತಿಯ ಪುಟ್ಟಿಗೆ,

ಅತ್ತೆಯ ಆಶೀರ್ವಾದಗಳು. ಡಿಸೆಂಬರ್ ಎರಡನೆಯ ವಾರ ಮಗನನ್ನೂ ಇಬ್ಬರು ಗೆಳತಿಯರನ್ನೂ ಕರೆದುಕೊಂಡು ಚಿಕ್ಕಮಗಳೂರಿಗೆ ಬರುತ್ತೀಯ ಎಂದು ಓದಿ ಮನೆಯೆಲ್ಲ ತುಂಬಿದಂತಾಯಿತು. ಅರ್ಧ ದಿನದಲ್ಲಿ ಹತ್ತಿ ಇಳಿಯಬಹುದಾದ, ಮೇಲಿನಿಂದ ಕೆರೆ ಕಾಣುವ ಬೆಟ್ಟ ಯಾವುದು ಎಂದು ಕೇಳಿದ್ದೀಯ. ಮುಳ್ಳಯ್ಯನಗಿರಿಯ ಹೆಸರನ್ನು ನೀನೇ ಬರೆದು ಪಕ್ಕದಲ್ಲಿ ಪ್ರಶ್ನೆಚಿಹ್ನೆ ಹಾಕಿದ್ದೀಯ.

ಮುಳ್ಳಯ್ಯನಗಿರಿ 1,930 ಮೀಟರ್, ನಮ್ಮ ರಾಜ್ಯದ ಅತಿ ಎತ್ತರದ ಶಿಖರ. ಸರ್ಪದಾರಿ ಎಂಬ ಕಾಲುದಾರಿಯಲ್ಲಿ ನಡೆದು ಹೋಗುವುದು ಚಂದವೇ. ಆದರೆ ರಜೆಯ ದಿನ ಬೆಟ್ಟದ ರಸ್ತೆಯಲ್ಲಿ ವಾಹನಗಳ ಸಾಲು ಕಂಡರೆ ಬೆಟ್ಟಕ್ಕೆ ಬಂದಿದ್ದೇವೆ ಎಂಬುದೇ ಮರೆತುಹೋಗುತ್ತದೆ. ಸರ್ಪದಾರಿಯಲ್ಲಿ ನೆರಳೂ ಇಲ್ಲ, ಗಾಳಿಗೆ ತಡೆಯೂ ಇಲ್ಲ. ಎಂಟು ವರ್ಷದ ಹುಡುಗನ ಮೊದಲ ಬೆಟ್ಟ ಅದಾಗುವುದು ಬೇಡ.

ನನ್ನ ಮಾತು ಕೇಳಿ ಅಯ್ಯನಕೆರೆಗೆ ಹೋಗು. ಸಖರಾಯಪಟ್ಟಣದ ಬಳಿ, ನಮ್ಮ ಮನೆಯಿಂದ ಸುಮಾರು 20 ಕಿಲೋಮೀಟರ್. ಪಕ್ಕದಲ್ಲೇ ಶಕುನಗಿರಿ ಇದೆ. ಮೊದಲು ಕೆರೆಯ ಏರಿಯ ಮೇಲೆ ನಿಂತು ಬೆಟ್ಟವನ್ನು ನೋಡು, ಆಮೇಲೆ ಬೆಟ್ಟದ ಮೇಲಿನಿಂದ ಏರಿಯನ್ನು ನೋಡು. ಕೆಳಗೆ ನಿಂತಾಗ ಸಮುದ್ರದಂತೆ ಕಂಡ ನೀರು ಮೇಲಿನಿಂದ ಅಂಗೈಯಗಲ ಆಗುತ್ತದೆ. ಮಕ್ಕಳಿಗೆ ಎತ್ತರ ಅಂದರೆ ಏನೆಂದು ತಿಳಿಯುವುದೇ ಆಗ. ಒಂದು ಕಡೆ ಬಾಬಾಬುಡನ್‌ಗಿರಿಯ ಸಾಲು, ಇನ್ನೊಂದು ಕಡೆ ಕಡೂರಿನ ಬಯಲು. ಮಲೆನಾಡು ಮುಗಿದು ತೆಂಗಿನ ಸೀಮೆ ಶುರುವಾಗುವ ಅಂಚು ಅದು.

ಆ ನೀರಿನ ದಾರಿಯನ್ನು ಹುಡುಗನಿಗೆ ತೋರಿಸಿ ಹೇಳು. ಬಾಬಾಬುಡನ್‌ಗಿರಿಯ ಹುಲ್ಲುಗಾವಲು ಮತ್ತು ಕಣಿವೆಗಳ ಶೋಲಾ ಕಾಡು ಮಳೆಗಾಲದ ನೀರನ್ನು ಹೀರಿಟ್ಟುಕೊಂಡು ನಿಧಾನವಾಗಿ ಬಿಡುತ್ತವೆ. ಹಾಗೆ ಹುಟ್ಟಿದ ವೇದಾ ನದಿ ಅಯ್ಯನಕೆರೆಯನ್ನು ತುಂಬಿ ಮುಂದೆ ಹೋಗಿ ಕಡೂರಿನ ಬಳಿ ಆವತಿಯನ್ನು ಕೂಡಿ ವೇದಾವತಿಯಾಗುತ್ತದೆ. ಹಿರಿಯೂರಿನ ವಾಣಿವಿಲಾಸ ಸಾಗರ ತುಂಬುವುದೂ ಇದೇ ನೀರಿನಿಂದ. ಕೆರೆಯನ್ನು ದೊರೆ ರುಕ್ಮಾಂಗದ ರಾಯ ಕಟ್ಟಿಸಿದನೆಂದು ಹೇಳುತ್ತಾರೆ. ಹೊಯ್ಸಳರ ಕಾಲದಲ್ಲಿ, 1156ರಲ್ಲಿ, ಜೀರ್ಣೋದ್ಧಾರವಾಯಿತು. ಏರಿಯ ಮೇಲಿನ ಬಳಲಿಂಗೇಶ್ವರನಿಗೆ ಕೈಮುಗಿದೇ ಹತ್ತಲು ಹೊರಡಿ.

ಹೊನ್ನಬಿಲ್ಲನ ಕಥೆ ನಿನಗೆ ನೆನಪಿದೆಯೇ? ಊರ ಕಾವಲಿನವನ ಮಗ. ಏರಿ ಒಡೆದು ಹೋಗುತ್ತೇನೆ ಎಂದ ಕೆರೆಯ ದೇವಿಗೆ, ‘ರಾಜನಿಗೆ ತಿಳಿಸಿ ಬರುತ್ತೇನೆ, ನಾನು ಹಿಂದಿರುಗುವವರೆಗೆ ನಿಲ್ಲು’ ಎಂದು ಮಾತು ತೆಗೆದುಕೊಂಡು ಹೋದ. ಅವನು ಹಿಂದಿರುಗದಂತೆ ರಾಜ ಅವನನ್ನು ಅಲ್ಲಿಯೇ ಕೊಲ್ಲಿಸಿದ. ಮಾತಿಗೆ ಕಟ್ಟುಬಿದ್ದ ದೇವಿ ಇಂದಿಗೂ ಕಾಯುತ್ತಿದ್ದಾಳೆ. ಚಿಕ್ಕವಳಿದ್ದಾಗ ಈ ಕಥೆ ಕೇಳಿ ನಾನು ಅತ್ತಿದ್ದು ಕೆರೆಗಾಗಿ ಅಲ್ಲ, ಅವನ ದಾರಿ ನೋಡುತ್ತಿದ್ದ ತಾಯಿಗಾಗಿ.

ಈಗ ಮುಖ್ಯ ಮಾತು. ಎಲ್ಲರೂ ಎಷ್ಟು ಹೊತ್ತಿಗೆ ಹೊರಡಬೇಕು, ತುದಿಗೆ ಯಾವಾಗ ಮುಟ್ಟಬೇಕು ಎಂದು ಲೆಕ್ಕ ಹಾಕುತ್ತಾರೆ. ನೀನು ಇಳಿದು ಏರಿಗೆ ಬರುವ ಹೊತ್ತನ್ನು ಮೊದಲು ಗೊತ್ತುಮಾಡಿಕೊಂಡು ಅಲ್ಲಿಂದ ಹಿಂದಕ್ಕೆ ಎಣಿಸು. ಮಧ್ಯಾಹ್ನ ಒಂದು ಗಂಟೆಗೆ ಕೆಳಗಿರಬೇಕು. ಹುಡುಗನ ಜೊತೆ ಇಳಿಯಲು ಹತ್ತಿದಷ್ಟೇ ಸಮಯ ಬೇಕು. ಒಣ ಹುಲ್ಲು ಎಣ್ಣೆ ಹಚ್ಚಿದಂತೆ ಜಾರುತ್ತದೆ, ದಣಿದ ಮೊಣಕಾಲು ನಡುಗುತ್ತದೆ. ಹಾಗಾದರೆ ಏಳು ಗಂಟೆಗೆ ಹತ್ತಲು ತೊಡಗಿ, ಹತ್ತು ಗಂಟೆಗೆ ಎಲ್ಲಿದ್ದೀರೋ ಅಲ್ಲಿಯೇ ನಿಲ್ಲಬೇಕು. ತುದಿ ಕಣ್ಣೆದುರಿಗೇ ಇರಲಿ, ಇನ್ನು ಹತ್ತೇ ನಿಮಿಷ ಎಂದು ಗೆಳತಿಯರು ಹೇಳಲಿ, ತಿರುಗು. ಕೆರೆ ಪೂರ್ತಿ ಕಾಣುವುದಕ್ಕೆ ತುದಿಯೇ ಬೇಕಾಗಿಲ್ಲ, ಬೆಟ್ಟದ ಹೆಗಲು ಸಾಕು.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಮೂವತ್ತು ವರ್ಷದ ಹಿಂದೆ, ಒಂದು ಅಕ್ಟೋಬರ್‌ನಲ್ಲಿ, ನಾವು ಐದು ಜನ ಹನ್ನೊಂದು ಗಂಟೆಗೆ ಗಿರಿಸಾಲಿನ ಒಂದು ಬೆಟ್ಟ ಹತ್ತಲು ಹೊರಟೆವು. ಕೆಳಗೆ ಕಾಣುತ್ತಿದ್ದ ಕೆರೆಯೇ ನಮಗೆ ಗುರುತು. ಅದು ಬಲಗೈಗೆ ಇದ್ದರೆ ದಾರಿ ಸರಿ ಎಂದುಕೊಂಡಿದ್ದೆವು. ಎರಡು ಗಂಟೆಗೆ ಮಂಜು ಇಳಿಯಿತು. ಕೆರೆ ಇಲ್ಲ, ಬೆಟ್ಟವಿಲ್ಲ, ಮುಂದೆ ನಡೆಯುವವಳ ಸೆರಗೂ ಕಾಣುವುದಿಲ್ಲ. ಬೇರೆ ಏಣಿನಲ್ಲಿ ಇಳಿದುಬಿಟ್ಟೆವು. ಗೆಳತಿಯ ಕಾಲು ಉಳುಕಿತು. ಕೆಳಗಿನ ತೋಟದ ದೀಪ ಕಂಡಾಗ ರಾತ್ರಿ ಎಂಟು ಗಂಟೆ. ಯಾವ ಬೆಟ್ಟಕ್ಕೆ ಹೋಗಿದ್ದೇವೆಂದು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅಮ್ಮನ ಮುಖವನ್ನು ನಾನು ಇನ್ನೂ ಮರೆತಿಲ್ಲ.

ಡಿಸೆಂಬರ್‌ನಲ್ಲಿ ಮಂಜು ಬೆಳಿಗ್ಗೆ ಇದ್ದು ಬಿಸಿಲೇರಿದಂತೆ ಕರಗುವುದೇ ಹೆಚ್ಚು. ಆದರೂ ಕೆರೆಯನ್ನು ನಂಬಿ ದಾರಿ ಹಿಡಿಯಬೇಡ. ಅರಣ್ಯ ಇಲಾಖೆಯ ಅನುಮತಿಯನ್ನು ಮೊದಲೇ ವಿಚಾರಿಸಿ ಪಡೆದುಕೋ. ದಾರಿ ಬಲ್ಲ ಊರಿನವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗು, ಅವರ ದಿನದ ಕೂಲಿಯಲ್ಲಿ ಚೌಕಾಸಿ ಮಾಡಬೇಡ. ಒಬ್ಬೊಬ್ಬರಿಗೆ ಎರಡು ಲೀಟರ್ ನೀರು. ಹುಡುಗನಿಗೆ ಹೊಸ ಬೂಟು ಕೊಡಿಸಬೇಡ, ಶಾಲೆಗೆ ಹಾಕಿ ಪಳಗಿದ್ದೇ ಇರಲಿ, ಅಡಿ ಮಾತ್ರ ಸವೆದಿರಬಾರದು. ಅತ್ತರು, ಸೆಂಟು ಹಚ್ಚಿಕೊಂಡು ಹೋಗಬೇಡಿ. ಬಂಡೆಗಳಲ್ಲಿ ಹೆಜ್ಜೇನು ಕಟ್ಟಿರುತ್ತದೆ. ಬೆಂಕಿಪೊಟ್ಟಣ ಮನೆಯಲ್ಲೇ ಇರಲಿ. ಆ ಹುಲ್ಲಿಗೆ ಒಂದು ಕಿಡಿ ಬಿದ್ದರೆ ಇಡೀ ಬೆಟ್ಟ ಉರಿದುಹೋಗುತ್ತದೆ, ಅದನ್ನು ಕಣ್ಣಾರೆ ಕಂಡಿದ್ದೇನೆ. ಕೆರೆಯಲ್ಲಿ ಕಾಲು ಇಳಿಬಿಡುವ ಆಸೆಯಾಗುತ್ತದೆ. ತೂಬಿನ ಹತ್ತಿರವಂತೂ ಖಂಡಿತ ಬೇಡ.

ಹಿಂದಿನ ರಾತ್ರಿಯೇ ಬಂದುಬಿಡು. ಬೆಳಿಗ್ಗೆ ಐದಕ್ಕೆ ಎಬ್ಬಿಸಿ ಅಕ್ಕಿರೊಟ್ಟಿ, ಚಟ್ನಿ ಕಟ್ಟಿಕೊಡುತ್ತೇನೆ. ನೀನು ಹೊರಡುವಾಗ ದಾರಿ ತೋರಿಸುವವರ ಫೋನ್ ನಂಬರನ್ನು ನನ್ನ ಕ್ಯಾಲೆಂಡರಿನ ಮೇಲೆ ಬರೆದಿಟ್ಟು ಹೋಗು. ಇಳಿದು ಏರಿಗೆ ಬಂದ ಕೂಡಲೇ ಫೋನ್ ಮಾಡು. ಅಕ್ಕಿ ತೊಳೆದು ಇಟ್ಟುಕೊಂಡಿರುತ್ತೇನೆ, ನಿನ್ನ ದನಿ ಕೇಳಿದ ಮೇಲೆಯೇ ಒಲೆಯ ಮೇಲೆ ಇಡುತ್ತೇನೆ.

ಇಂತಿ ನಿನ್ನ
ಅತ್ತೆ