ಸ್ಪೀಕರ್ ಕೊಳ್ಳುವ ಮೊದಲು ಅಜ್ಜಿಯ ಹಾಡು ಹಾಕಿ ನೋಡು

ಸರಸ್ವತಿಪುರಂ, ಮೈಸೂರು

ಚಿ. ಪುಟ್ಟನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಮಂಡ್ಯದ ಹೊಸ ಮನೆಯಲ್ಲಿ ಸಾಮಾನೆಲ್ಲ ಜೋಡಿಸಿದ್ದಾಯಿತು ಅಂತ ನಿನ್ನಮ್ಮ ಫೋನಲ್ಲಿ ಹೇಳಿದಳು. ಹಾಲ್‌ಗೆ ಸ್ಪೀಕರ್ ತಗೋಬೇಕು, 45 ಸಾವಿರ ಎತ್ತಿಟ್ಟಿದ್ದೇನೆ, ಯಾವುದು ತಗೊಳ್ಳಲಿ ಮಾವ ಅಂತ ನೀನು ಕೇಳಿದ್ದೆ ಅಲ್ವಾ, ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗಬಹುದು. ನಿಧಾನವಾಗಿ ಓದು, ಅಂಗಡಿಗೆ ಹೋಗುವ ಮೊದಲು ಇನ್ನೊಂದು ಸಲ ಓದು.

ಮೊದಲಿಗೆ, ನಿನಗೆ ಯಾರೋ ತೋರಿಸಿದ ಆ ಹೋಮ್ ಥಿಯೇಟರ್ ಸೆಟ್ ಬೇಡ. ಇರುವ ದುಡ್ಡನ್ನು ಆರು ಪೆಟ್ಟಿಗೆಗೆ ಹಂಚಿದರೆ ಒಂದೊಂದಕ್ಕೆ ಎಷ್ಟು ಸೇರುತ್ತದೆ, ನೀನೇ ಲೆಕ್ಕ ಹಾಕು. ನೀನು ಸಿನಿಮಾಗಿಂತ ಹಾಡು ಜಾಸ್ತಿ ಕೇಳುವವನು. ನಿನ್ನಮ್ಮ ಸಂಜೆ ಹಾಡು ಹಾಕಿಕೊಂಡೇ ಹೂ ಕಟ್ಟಲು ಕೂರುವವಳು. ಹಾಡಿಗೆ ಎರಡು ಸ್ಪೀಕರ್ ಸಾಕು, ಆ ಎರಡು ಚೆನ್ನಾಗಿರಲಿ. ಇನ್ನು ಪೆಟ್ಟಿಗೆ ಮೇಲೆ ಎರಡು ಸಾವಿರ ವ್ಯಾಟ್ ಪಿಎಂಪಿಒ ಅಂತ ದೊಡ್ಡದಾಗಿ ಬರೆದಿದ್ದರೆ ಅದು ಕ್ಷಣಮಾತ್ರದ ಶಕ್ತಿಯ ಉಬ್ಬಿಸಿದ ಅಂಕಿ, ಲೆಕ್ಕಕ್ಕೇ ತಗೋಬೇಡ. ಆರ್‌ಎಂಎಸ್ ವ್ಯಾಟ್ (ಸತತವಾಗಿ ಕೊಡಬಲ್ಲ ನಿಜವಾದ ಶಕ್ತಿ) ಎಷ್ಟು, ಎಷ್ಟು ಓಮ್‌ಗೆ (ಸ್ಪೀಕರ್ ವಿದ್ಯುತ್ತಿಗೆ ಒಡ್ಡುವ ತಡೆ) ಅಂತ ಕೇಳು. ಉತ್ತರ ಬರದಿದ್ದರೆ ಎದ್ದು ಬಾ.

1991ರಲ್ಲಿ ನಾನು ಮೊದಲ ಸಲ ಸ್ವಂತ ಸಂಬಳದಲ್ಲಿ ಸ್ಪೀಕರ್ ತಗೊಂಡಾಗ ಏನಾಯಿತು ಅಂತ ಹೇಳುತ್ತೇನೆ. ಅಂಗಡಿಯವರು ಒಂದೇ ಆಂಪ್ಲಿಫೈಯರ್‌ಗೆ ಎರಡು ಜೊತೆ ಸ್ಪೀಕರ್ ಬದಲಿಸಿ ಬದಲಿಸಿ ಹಾಕಿ ತೋರಿಸಿದರು. ಎರಡನೆಯ ಜೊತೆ ಹಾಕಿದ ತಕ್ಷಣ ಎದೆ ತುಂಬಿದ ಹಾಗಾಯಿತು. ಇದೇ ಸರಿ ಅಂದುಕೊಂಡು ದುಡ್ಡು ಕೊಟ್ಟು, ಆಟೋದಲ್ಲಿ ತೊಡೆ ಮೇಲೆ ಇಟ್ಟುಕೊಂಡು ತಂದೆ. ಮನೆಯಲ್ಲಿ ಸಂಗೀತ ಕಚೇರಿ ಹಾಕಿ ಕೂತರೆ ಮೃದಂಗದ ಎಡಗೈ ಪೆಟ್ಟೆಲ್ಲ ಒಂದೇ ಸದ್ದು. ಗುಂ, ಗುಂ, ಗುಂ. ಹಾಡುವವರ ಮುಖಕ್ಕೆ ಕಂಬಳಿ ಹೊದೆಸಿದ ಹಾಗೆ ಕೇಳುತ್ತಿತ್ತು. ವಾಪಸ್ ತಗೊಳ್ಳುವುದಿಲ್ಲ ಅಂದರು. ಎಷ್ಟೋ ದಿನ ಆ ಕೊರಗು ಹೋಗಲಿಲ್ಲ.

ಏನು ತಪ್ಪಾಯಿತು ಅಂತ ಆಮೇಲೆ ಓದಿ ತಿಳಿದುಕೊಂಡೆ. ವಾಲ್ಯೂಮ್ ಗುಂಡಿಯನ್ನು ಯಾರೂ ಮುಟ್ಟಿರಲಿಲ್ಲ, ಆದರೆ ಆ ಎರಡನೆಯ ಜೊತೆಯ ಸೆನ್ಸಿಟಿವಿಟಿ ಜಾಸ್ತಿ ಇತ್ತು. ಒಂದು ವ್ಯಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆದರೆ ಎಷ್ಟು ಡೆಸಿಬಲ್ ಸದ್ದು ಬರುತ್ತದೆ ಅನ್ನುವುದೇ ಸೆನ್ಸಿಟಿವಿಟಿ. ಒಂದು ಸ್ಪೀಕರ್‌ದು 85, ಇನ್ನೊಂದರದು 88 ಇದ್ದರೆ, ಅಷ್ಟೇ ಸದ್ದು ಮಾಡಲು 85ರದ್ದಕ್ಕೆ ಎರಡರಷ್ಟು ವ್ಯಾಟ್ ಬೇಕು. ಹಾಗಾಗಿ ಒಂದೇ ಗುಂಡಿ ಸ್ಥಾನದಲ್ಲಿ ಎರಡೂ ಒಂದೇ ಸಮ ಕೇಳುವುದಿಲ್ಲ. ಜೋರಾಗಿ ಕೇಳಿದ್ದೇ ನಮ್ಮ ಕಿವಿಗೆ ಒಳ್ಳೆಯದು ಅನ್ನಿಸುತ್ತದೆ. ಸದ್ದು ತಗ್ಗಿದಷ್ಟೂ ನಮ್ಮ ಕಿವಿಗೆ ಬೇಸ್, ಅಂದರೆ ತಗ್ಗಿನ ಸ್ವರ, ಇನ್ನೂ ಕಡಿಮೆ ಮುಟ್ಟುತ್ತದೆ, ಇದನ್ನು 1933ರಲ್ಲೇ ಫ್ಲೆಚರ್ ಮತ್ತು ಮನ್ಸನ್ ಅನ್ನುವ ಇಬ್ಬರು ವಿಜ್ಞಾನಿಗಳು ಅಳೆದು ತೋರಿಸಿದ್ದಾರೆ. ಅದಕ್ಕೇ ನೀನು ಅಂಗಡಿಯಲ್ಲಿ ಎರಡು ಜೊತೆ ಹೋಲಿಸುವಾಗ ಮೊಬೈಲ್‌ನಲ್ಲಿ ಡೆಸಿಬಲ್ ಅಳೆಯುವ ಆಪ್ ಹಾಕಿಕೊಂಡು, ಕೂತ ಜಾಗದಲ್ಲೇ ಹಿಡಿದು, ಎರಡನ್ನೂ ಒಂದೇ ಮಟ್ಟಕ್ಕೆ ತಂದುಕೊಂಡು ಕೇಳು. ಮೂರು ನಾಲ್ಕು ಜೊತೆ ಕೇಳಲು ಹೋಗಬೇಡ, ತಲೆ ಕೆಡುತ್ತದೆ. ಎರಡೇ ಜೊತೆ, ಒಂದೊಂದಕ್ಕೆ ಇಪ್ಪತ್ತು ನಿಮಿಷ.

ಏನು ಹಾಕಿ ಕೇಳಬೇಕು ಅಂತಲೂ ಹೇಳುತ್ತೇನೆ. ಈ ಪತ್ರದ ಜೊತೆ ಒಂದು ಪೆನ್ ಡ್ರೈವ್ ಇಟ್ಟಿದ್ದೇನೆ. ಅದರಲ್ಲಿ ನಿನ್ನ ಅಜ್ಜಿ ಹಾಡಿದ ದೇವರನಾಮ ಇದೆ. ನೀನು ಐದು ತಿಂಗಳ ಕೂಸು. ಚಾಮರಾಜಪುರಂ ಮನೆಯ ನಡುಮನೆಯಲ್ಲಿ ತೊಟ್ಟಿಲು ಕಟ್ಟಿತ್ತು. ನನ್ನಮ್ಮ ನಿನ್ನನ್ನು ತೂಗುತ್ತಾ ಹಾಡುತ್ತಿದ್ದಳು, ಅವಳಿಗೆ ಗೊತ್ತಾಗದ ಹಾಗೆ ನಾನು ಟೇಪ್ ರೆಕಾರ್ಡರ್ ಒತ್ತಿ ಕಿಟಕಿ ಮೇಲೆ ಇಟ್ಟಿದ್ದೆ. ನನ್ನ ಹಳೆ ಸ್ಪೀಕರಲ್ಲಿ ಆ ಕ್ಯಾಸೆಟ್ಟನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಈಗಿರುವ ಚಿಕ್ಕ ಸ್ಪೀಕರ್ ತಂದ ದಿನ ರಾತ್ರಿ ಅದನ್ನೇ ಮೊದಲು ಹಾಕಿದೆ. ಎರಡನೆಯ ಚರಣಕ್ಕೆ ಮುಂಚೆ ಅಮ್ಮ ಉಸಿರು ಎಳೆದುಕೊಳ್ಳುವುದು ಕೇಳಿತು. ಅವಳ ಬಳೆ ತೊಟ್ಟಿಲ ಮರಕ್ಕೆ ತಾಗಿದ್ದು ಕೇಳಿತು. ಅದರ ಹಿಂದೆ, ಒಂದೇ ಲಯದಲ್ಲಿ, ತೊಟ್ಟಿಲ ಸರಪಳಿ ಕಿರ್ ಅನ್ನುತ್ತಿತ್ತು. ಅಷ್ಟು ವರ್ಷ ಆ ಟೇಪಿನಲ್ಲಿ ಸರಪಳಿಯ ಸದ್ದು ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ನಿನ್ನ ಅತ್ತೆ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಳು. ಹಾಡು ಮುಗಿಯುವ ತನಕ ಇಬ್ಬರೂ ಮಾತಾಡಲಿಲ್ಲ.

ಅದನ್ನು ಹಾಕಿ ನೋಡು. ಅಜ್ಜಿಯ ಗಂಟಲು ನಿನಗೆ ಗೊತ್ತು, ನಿನ್ನಮ್ಮನಿಗೆ ಇನ್ನೂ ಚೆನ್ನಾಗಿ ಗೊತ್ತು, ಅವಳನ್ನೂ ಕರೆದುಕೊಂಡು ಹೋಗು. ಮೂಗು ಕಟ್ಟಿದ ಹಾಗೆ ಕೇಳಿದರೆ ಆ ಸ್ಪೀಕರ್ ಬೇಡ. ಟೇಪಿನ ಹಿಸ್ ಸದ್ದು ಇದ್ದೇ ಇರುತ್ತದೆ, ಆದರೆ ಅದು ಹಾಡಿಗಿಂತ ಮುಂದೆ ಬಂದು ಒಗ್ಗರಣೆ ಸಿಡಿದ ಹಾಗೆ ಕಿವಿಗೆ ಚುಚ್ಚಿದರೆ ಆ ಟ್ವೀಟರ್, ಅಂದರೆ ಮೇಲಿನ ಸ್ವರ ಹೊರಡಿಸುವ ಚಿಕ್ಕ ಭಾಗ, ಹರಿತ ಜಾಸ್ತಿ ಅಂತ ಅರ್ಥ. ಅಂಗಡಿಯಲ್ಲಿ ಹತ್ತು ನಿಮಿಷ ಅದು ಬಹಳ ಸ್ಪಷ್ಟ ಅನ್ನಿಸಬಹುದು. ದಿನಾ ಎರಡು ಗಂಟೆ ಕೇಳಿದರೆ ತಲೆನೋವು ಬರುತ್ತದೆ. ಆ ರೆಕಾರ್ಡಿಂಗ್ ಮೋನೋ, ಅಂದರೆ ಎರಡೂ ಸ್ಪೀಕರ್‌ಗೆ ಒಂದೇ ಧ್ವನಿ ಹೋಗುತ್ತದೆ. ಎರಡೂ ಸರಿಯಾಗಿದ್ದು, ನೀನು ಮಧ್ಯದಲ್ಲಿ ಕೂತಿದ್ದರೆ ಅಜ್ಜಿ ನಿನ್ನೆದುರಿಗೆ, ಎರಡು ಪೆಟ್ಟಿಗೆಗಳ ನಟ್ಟನಡುವೆ ಕೂತು ಹಾಡಬೇಕು. ಧ್ವನಿ ಅಲ್ಲಿ ನಿಲ್ಲದೆ ಎರಡೂ ಕಡೆ ಹರಡಿಕೊಂಡು ಬೇಸ್ ತೆಳುವಾಗಿದ್ದರೆ ಒಂದು ಸ್ಪೀಕರ್‌ನ ಪ್ಲಸ್ ಮೈನಸ್ ವೈರ್ ತಿರುಗಾಮುರುಗಾ ಆಗಿರುತ್ತದೆ. ಅದನ್ನು ಬದಲಿಸಿ ಮತ್ತೆ ಕೇಳು.

ಇನ್ನೊಂದು ಪರೀಕ್ಷೆಗೆ ಪಿಟೀಲು ಒಳ್ಳೆಯದು. ನಮ್ಮ ತಿರುಮಕೂಡಲು ಚೌಡಯ್ಯನವರು ಏಳು ತಂತಿಯ ಪಿಟೀಲು ಮಾಡಿಕೊಂಡರಲ್ಲ, ಸಭೆಯ ಕೊನೆ ಸಾಲಿಗೂ ನಾದ ತುಂಬಿ ಕೇಳಲಿ ಅಂತ. ಅವರ ಹಳೆ ರೆಕಾರ್ಡಿಂಗ್ ಹಾಕಿದರೆ ಆ ದಪ್ಪ ನಾದ ಬರಬೇಕು. ಬರೀ ಕೀರಲು ಬಂದರೆ ಬಿಟ್ಟುಬಿಡು. ಆಮೇಲೆ ವೀಣೆ. ಮೈಸೂರು ವೀಣೆಯ ಊರು, ಇಲ್ಲಿಗೆ ಬಂದಾಗ ಮೈಕ್ ಇಲ್ಲದೆ ನುಡಿಸುವ ವೀಣೆಯನ್ನು ಹತ್ತಿರ ಕೂತು ಒಮ್ಮೆ ಕೇಳಿಸುತ್ತೇನೆ. ಮೀಟಿದ ಉಗುರಿನ ಸದ್ದು, ಆಮೇಲೆ ನಾದ ಕರಗುತ್ತಾ ಹೋಗುವ ರೀತಿ, ಅದು ಕಿವಿಯಲ್ಲಿ ಇದ್ದರೆ ಯಾವ ಸ್ಪೀಕರ್ ನಿಜ ಹೇಳುತ್ತಿದೆ ಅಂತ ನಿನಗೇ ಗೊತ್ತಾಗುತ್ತದೆ.

ಈಗ ನಿನ್ನ ಹಾಲ್ ವಿಷಯ. 11 ಅಡಿಗೆ 14 ಅಡಿ ಅಂತ ಬರೆದಿದ್ದೆ. ನೆಲಕ್ಕೆ ಟೈಲ್ಸ್, ಮೇಲೆ ಆರ್‌ಸಿಸಿ, ಗೋಡೆ ಖಾಲಿ. ನಡುವೆ ನಿಂತು ಒಂದು ಚಪ್ಪಾಳೆ ತಟ್ಟು. ಟ್ರಿಂಗ್ ಅಂತ ಬಾಲ ಬಂದರೆ ಯಾವ ಸ್ಪೀಕರ್ ತಂದರೂ ಮಾತು ಕಲಸಿಕೊಳ್ಳುತ್ತದೆ. ಸ್ಪೀಕರ್ ಮುಂದೆ ನೆಲಕ್ಕೆ ದಪ್ಪ ಜಮಖಾನ ಹಾಸು, ಕಿಟಕಿಗೆ ಭಾರದ ಪರದೆ ಬಿಡು, ಪುಸ್ತಕದ ಬೀರು ಇದ್ದರೆ ಖಾಲಿ ಗೋಡೆಗೆ ಸರಿಸು. ಇದಕ್ಕೆ ಆಗುವ ಖರ್ಚು ಕಡಿಮೆ, ಆಗುವ ಉಪಯೋಗ ಹತ್ತು ಸಾವಿರ ಜಾಸ್ತಿ ಕೊಟ್ಟು ಮೇಲಿನ ಮಾಡೆಲ್ ತಂದರೂ ಸಿಗುವುದಿಲ್ಲ.

ನೆಲದ ಮೇಲೆ ನಿಲ್ಲಿಸುವ ಉದ್ದನೆಯ ಟವರ್ ಸ್ಪೀಕರ್ ಬೇಡ ಅನ್ನುತ್ತೇನೆ, ಅದಕ್ಕೂ ನಿನ್ನ ಹಾಲ್ ಕಾರಣ. ಎದುರುಬದುರು ಗೋಡೆಗಳ ನಡುವೆ ಕೆಲವು ತಗ್ಗಿನ ಸ್ವರಗಳು ಸಿಕ್ಕಿಹಾಕಿಕೊಂಡು ಊದಿಕೊಳ್ಳುತ್ತವೆ. 11 ಅಡಿ ಅಗಲಕ್ಕೆ ಅದು ಸುಮಾರು 51 ಹರ್ಟ್ಸ್ (ಸೆಕೆಂಡಿಗೆ 51 ಕಂಪನ), 14 ಅಡಿ ಉದ್ದಕ್ಕೆ ಸುಮಾರು 40 ಹರ್ಟ್ಸ್. ದೊಡ್ಡ ಟವರ್ ತಂದರೆ ಆ ಎರಡನ್ನೂ ಎಬ್ಬಿಸಿ ಕೂರಿಸುತ್ತದೆ. ನನ್ನ 1991ರ ಗುಂ ಗುಂ ಇದೇ. ಐದೂವರೆ, ಆರೂವರೆ ಇಂಚು ವೂಫರ್ (ತಗ್ಗಿನ ಸ್ವರ ಹೊರಡಿಸುವ ದೊಡ್ಡ ಭಾಗ) ಇರುವ, ಸ್ಟ್ಯಾಂಡ್ ಮೇಲೆ ಇಡುವ ಚಿಕ್ಕ ಬುಕ್‌ಶೆಲ್ಫ್ ಸ್ಪೀಕರ್ ಸಾಮಾನ್ಯವಾಗಿ 55, 60 ಹರ್ಟ್ಸ್‌ನ ಹತ್ತಿರ ಬಂದಾಗ ಅದಕ್ಕಿಂತ ತಗ್ಗಿನ ಸ್ವರಗಳನ್ನು ಕೈಬಿಡಲು ಶುರು ಮಾಡುತ್ತದೆ. ಅಷ್ಟು ಸಾಕಾ ಅಂತ ನೀನು ಕೇಳಬಹುದು. ಗಂಡಸರು ಸಿ ಶ್ರುತಿಯಲ್ಲಿ ಹಾಡಿದರೆ ಮಧ್ಯ ಷಡ್ಜ ಸುಮಾರು 131 ಹರ್ಟ್ಸ್, ಮಂದ್ರ ಪಂಚಮಕ್ಕೆ ಇಳಿದರೂ 98. ಹೆಂಗಸರ ಶ್ರುತಿ ಇನ್ನೂ ಮೇಲೆ. ನಮ್ಮ ಹಾಡುಗಾರಿಕೆ ಅಷ್ಟೂ ಅದರೊಳಗೆ ಬರುತ್ತದೆ. ಸಿನಿಮಾ ಹಾಡಿನ ಬೇಸ್ ಗಿಟಾರ್ ಮಾತ್ರ 41 ಹರ್ಟ್ಸ್ ತನಕ ಇಳಿಯುತ್ತದೆ, ಆ ಕೊನೆಯ ಮೆಟ್ಟಿಲು ಸ್ವಲ್ಪ ತೆಳುವಾಗಿ ಕೇಳುತ್ತದೆ, ಅದು ನಿಜ. ಮುಂದೆ ಬೇಕೆನಿಸಿದರೆ ಬರೀ ತಗ್ಗಿನ ಸ್ವರಕ್ಕೆಂದೇ ಇರುವ ಒಂದು ಸಬ್‌ವೂಫರ್ ಸೇರಿಸಬಹುದು. ಈಗಲೇ ಅವಸರ ಬೇಡ.

ದುಡ್ಡಿನಲ್ಲಿ 27, 28 ಸಾವಿರ ಸ್ಪೀಕರ್‌ಗೆ ಇಡು. 14 ಸಾವಿರದ ಆಸುಪಾಸು ಆಂಪ್ಲಿಫೈಯರ್‌ಗೆ. ಉಳಿದದ್ದು ಸ್ಟ್ಯಾಂಡ್, ವೈರ್, ಜಮಖಾನಕ್ಕೆ. ವಾರ್ಫ್‌ಡೇಲ್, ಡಾಲಿ, ಕ್ಯೂ ಅಕೌಸ್ಟಿಕ್ಸ್, ಎಲಾಕ್, ಪೋಕ್, ಈ ಹೆಸರುಗಳ ಚಿಕ್ಕ ಬುಕ್‌ಶೆಲ್ಫ್‌ಗಳನ್ನು ವಿಚಾರಿಸು. ವಾರ್ಫ್‌ಡೇಲ್ 1932ರಲ್ಲಿ ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ ಗಿಲ್ಬರ್ಟ್ ಬ್ರಿಗ್ಸ್ ಅನ್ನುವವರು ಶುರು ಮಾಡಿದ ಕಂಪನಿ. ನಮ್ಮ ದೇಶದವರೇ ಆದ ಕೋಲ್ಕತ್ತದ ಸೋನೋಡೈನ್, ಆಂಪ್ಲಿಫೈಯರ್‌ನಲ್ಲಿ ನಾರ್ಜ್, ಇವನ್ನೂ ಕೇಳಿ ನೋಡು. ಹೆಸರು ನೋಡಿ ತಗೋ ಅನ್ನುತ್ತಿಲ್ಲ, ಕೇಳುವ ಪಟ್ಟಿಯಲ್ಲಿ ಇರಲಿ ಅಷ್ಟೇ. ಆಂಪ್‌ಗೆ 30, 40 ವ್ಯಾಟ್ ಧಾರಾಳ ಆಯಿತು. ಅಷ್ಟು ದೊಡ್ಡ ಹಾಲ್‌ನಲ್ಲಿ ಸಾಮಾನ್ಯವಾಗಿ ಕೇಳುವಾಗ ಖರ್ಚಾಗುವುದು ಒಂದೆರಡು ವ್ಯಾಟ್. ಆದರೆ ಸ್ಪೀಕರ್ 4 ಓಮ್‌ದಾದರೆ ಆ ಆಂಪ್ ಅದನ್ನು ತಡೆಯುತ್ತದಾ ಅಂತ ಕೇಳಿಕೊಂಡೇ ತಗೋ. 6, 8 ಓಮ್ ಆದರೆ ಚಿಂತೆ ಇಲ್ಲ. ಮತ್ತೆ, ಸದ್ದು ಒಡೆಯುವಷ್ಟು ವಾಲ್ಯೂಮ್ ಯಾವತ್ತೂ ಕೊಡಬೇಡ. ಆಂಪ್ ಏದುಸಿರು ಬಿಡುವಾಗಲೇ ಟ್ವೀಟರ್ ಸುಡುವುದು. ವೈರ್‌ಗೆ ಸಾವಿರಾರು ಸುರಿಯಬೇಡ, ಐದು ಮೀಟರ್ ದೂರಕ್ಕೆ 16 ಗೇಜಿನ ತಾಮ್ರದ ವೈರ್ ಸಾಕು.

ಸೆಕೆಂಡ್ ಹ್ಯಾಂಡ್ ತಗೊಂಡರೆ ಅದೇ ದುಡ್ಡಿಗೆ ಇನ್ನೂ ಒಳ್ಳೆಯದು ಸಿಗಬಹುದು. ಆದರೆ ಮುಂದಿನ ಜಾಲರಿ ತೆಗೆಸಿ, ವೂಫರ್ ಸುತ್ತ ಇರುವ ಅಂಚನ್ನು ಬೆರಳ ತುದಿಯಿಂದ ಮೆಲ್ಲಗೆ ಮುಟ್ಟು. ಫೋಮ್ ಆಗಿದ್ದರೆ ಹತ್ತು ಹದಿನೈದು ವರ್ಷಕ್ಕೆ ಅದು ಹಳಸಿ, ಮುಟ್ಟಿದರೆ ಕಪ್ಪು ಪುಡಿ ಬೆರಳಿಗೆ ಮೆತ್ತಿಕೊಳ್ಳುತ್ತದೆ. ಹಾಗಾಗಿದ್ದರೆ ಬಿಟ್ಟು ಬಾ. ರಬ್ಬರ್ ಅಂಚು ಹೆಚ್ಚು ಬಾಳಿಕೆ ಬರುತ್ತದೆ.

ಮನೆಗೆ ತಂದ ಮೇಲೆ ದಯವಿಟ್ಟು ಶೋಕೇಸ್ ಒಳಗೆ ತುರುಕಬೇಡ, ಮೂಲೆಗೂ ಇಡಬೇಡ. ಮೂಲೆಯಲ್ಲಿ ಬೇಸ್ ಊದಿಕೊಳ್ಳುತ್ತದೆ. ಹಿಂದಿನ ಗೋಡೆಯಿಂದ ಒಂದೂವರೆ ಅಡಿ ಮುಂದೆ ಇಟ್ಟು ಶುರು ಮಾಡು. ಎರಡು ಸ್ಪೀಕರ್ ನಡುವೆ ಆರೇಳು ಅಡಿ, ನೀನು ಕೂರುವ ಜಾಗಕ್ಕೂ ಅಷ್ಟೇ ದೂರ, ಎರಡರ ಮುಖ ಸ್ವಲ್ಪ ನಿನ್ನ ಕಡೆ ತಿರುಗಿರಲಿ. ಆಮೇಲೆ ಒಂದು ಸಂಜೆ ಪೂರ್ತಿ ಇದಕ್ಕೇ ಇಟ್ಟುಕೋ. ಅಜ್ಜಿಯ ಹಾಡು ಹಾಕಿ ನಾಲ್ಕು ಬೆರಳಷ್ಟು ಮುಂದೆ ತಾ, ಕೇಳು. ಮತ್ತೆ ನಾಲ್ಕು ಬೆರಳು ತಾ, ಕೇಳು. ಒಂದು ಕಡೆ ಗಂಟಲು ತಿಳಿಯಾಗಿಬಿಡುತ್ತದೆ, ಅಲ್ಲಿ ನೆಲಕ್ಕೆ ಸೀಮೆಸುಣ್ಣದ ಗುರುತು ಹಾಕು. ಕಸ ಗುಡಿಸುವಾಗ ಸರಿಸಿದರೂ ಮತ್ತೆ ಅಲ್ಲಿಗೇ ಬರಲಿ.

ಟ್ವೀಟರ್ ಕಿವಿಯ ಎತ್ತರಕ್ಕೆ ಇರಬೇಕು ಅನ್ನುವುದು ಇದೆಯಲ್ಲ, ಅಲ್ಲಿ ನಿನ್ನ ಮನೆಯಲ್ಲಿ ಒಂದು ಯೋಚನೆ ಮಾಡಬೇಕು. ನೀನು ಸೋಫಾದಲ್ಲಿ ಕೂರುತ್ತೀಯ. ನಿನ್ನಮ್ಮ ಚಾಪೆ ಮೇಲೆ ಕೂತು ಮಲ್ಲಿಗೆ ಕಟ್ಟುವವಳು, ನಿನಗಿಂತ ಜಾಸ್ತಿ ಹೊತ್ತು ಕೇಳುವವಳೂ ಅವಳೇ. ರೆಡಿಮೇಡ್ ಸ್ಟ್ಯಾಂಡ್ ತಂದರೆ ಅದು ಸೋಫಾದ ಎತ್ತರಕ್ಕೆ ಮಾಡಿದ್ದಿರುತ್ತದೆ, ಅವಳ ತಲೆ ಮೇಲೆ ಹಾದುಹೋಗುತ್ತದೆ. ನಮ್ಮ ಬೀದಿಯ ಬಡಗಿಯ ಹತ್ತಿರ ನಾನು ಮಾತಾಡಿದ್ದೇನೆ, ಗಟ್ಟಿ ಮರದಲ್ಲಿ ಒಂದು ಜೊತೆ ಮಾಡಿಕೊಡುತ್ತಾನೆ, ಮೇಲಿನ ಹಲಗೆಯಡಿ ಸಣ್ಣ ಚಕ್ಕೆ ಕೊಟ್ಟು ಸ್ವಲ್ಪ ಏರಿಸಿ ಇಳಿಸಿಕೊಳ್ಳುವ ಹಾಗೆ. ಸ್ಪೀಕರ್ ಕೆಳಗೆ ರಬ್ಬರ್ ತುಂಡು ನಾನೇ ಕತ್ತರಿಸಿ ಇಡುತ್ತೇನೆ.

ನೀನು ಮಾಡಬೇಕಾದ್ದು ಇಷ್ಟು. ಈ ವಾರ ಸಂಜೆ ನಿನ್ನಮ್ಮ ಹೂ ಕಟ್ಟಲು ಕೂತಾಗ, ನೆಲದಿಂದ ಅವಳ ಕಿವಿ ಎಷ್ಟು ಇಂಚು ಎತ್ತರ ಇದೆ ಅಂತ ಟೇಪ್ ಹಿಡಿದು ಅಳೆ. ನೀನು ಸೋಫಾದಲ್ಲಿ ಕೂತಾಗ ನಿನ್ನದೂ ಅಳೆಸಿಕೋ. ಎರಡು ಅಳತೆಯನ್ನೂ ಬರೆದು ಕಳಿಸು. ಭಾನುವಾರ ಬಡಗಿ ಮರ ಕೊಯ್ಯಲು ಶುರು ಮಾಡುತ್ತಾನೆ, ಅಷ್ಟರೊಳಗೆ ಬೇಕು.

ಇಂತಿ,
ನಿನ್ನ ಮಾವ