ಮೂಕಪ್ರೇಕ್ಷಕರಲ್ಲಿ ನಾನೂ ಒಬ್ಬಳು

ಮಾನ್ಯ ಸಂಪಾದಕರೇ,

ಬುಧವಾರದ ಪತ್ರಿಕೆಯ 4ನೇ ಪುಟದಲ್ಲಿ ನಮ್ಮ ನಾಡಕಚೇರಿ ಗಲಾಟೆಯ ವರದಿ ಹಾಕಿದ್ದೀರಿ. 'ಮೂಕಪ್ರೇಕ್ಷಕರಾದ ಸಾರ್ವಜನಿಕರು' ಅಂತ ದಪ್ಪಕ್ಷರದ ತಲೆಬರಹ. ಫೋಟೊದ ಎಡಗಡೆ ಬೆನ್ನು ಕಾಣುವ ಹಳದಿ ಸೀರೆಯವಳು ನಾನೇ. ಹಾಲು ಹಾಕುವ ಹುಡುಗನಿಂದ ಹಿಡಿದು ಎದುರುಮನೆಯವರ ತನಕ ಎಲ್ಲರೂ ಗುರುತು ಹಿಡಿದರು. 'ಏನಕ್ಕಾ, ಪೇಪರಲ್ಲಿ ಬಂದಿದ್ದೀಯಲ್ಲ' ಅಂತ ನಗು ಬೇರೆ.

ಮೂಕರಾಗಿದ್ದೆವು, ಒಪ್ಪುತ್ತೇನೆ. ಯಾಕೆ ಮೂಕರಾದೆವು ಅಂತ ನಿಮ್ಮ ವರದಿಗಾರರು ಒಬ್ಬರನ್ನಾದರೂ ಕೇಳಿದರಾ? ಸಾಯಂಕಾಲ ನಾಲ್ಕರ ತನಕ ನಾವು ಅಲ್ಲೇ ಇದ್ದೆವು. ಸರ್ವರ್ ಡೌನ್ ಆಗಿತ್ತು, ಎಲ್ಲಿಗೆ ಹೋಗುವುದು?

ನಾನು ಟೈಲರಿಂಗ್ ಮಾಡುವವಳು. ಗೌರಿ ಹಬ್ಬಕ್ಕೆ ಹನ್ನೊಂದು ಬ್ಲೌಸ್ ಬಾಕಿ. ಅಂಗಡಿ ಬಾಗಿಲು ಎಳೆದು ಆ ಕಚೇರಿಗೆ ಬಂದದ್ದು ಅವತ್ತಿಗೆ ಐದನೇ ಸಲ. ಮೊದಲ ಸಲ ಸರ್ವರ್ ಇಲ್ಲ. ಎರಡನೇ ಸಲ ಸಾಹೇಬರು ಮೀಟಿಂಗಿಗೆ ಹೋಗಿದ್ದರು. ಮೂರನೇ ಸಲ ರೇಷನ್ ಕಾರ್ಡಿನ ಜೆರಾಕ್ಸ್ ಮಸುಕಾಗಿದೆಯಂತೆ. ನಾಲ್ಕನೇ ಸಲ ಕರೆಂಟ್ ಇಲ್ಲ. ಮಗಳ ಸ್ಕಾಲರ್‌ಶಿಪ್‌ಗೆ ಜಾತಿ-ಆದಾಯ ಪ್ರಮಾಣಪತ್ರ ಬೇಕು, ಕೊನೆ ದಿನ ಶನಿವಾರ. ನನ್ನ ಬಾಯಿಗೆ ಬೀಗ ಹಾಕಿದ್ದು ಆ ಶನಿವಾರ. ಪಕ್ಕದಲ್ಲಿದ್ದವರು 'ಸುಮ್ನಿರಿ ಅಕ್ಕ, ನಿಮ್ಮ ಅರ್ಜಿ ಕೆಳಗೆ ಹೋಗುತ್ತೆ' ಅಂತ ಮೊಣಕೈ ತಿವಿದರು. ತಿವಿಯದಿದ್ದರೂ ಸುಮ್ಮನೇ ಇರುತ್ತಿದ್ದೆ.

ನಡೆದದ್ದು ಇಷ್ಟು. ನನಗಿಂತ ಮೂರು ಜನ ಮುಂದೆ ಆ ಅಜ್ಜಿ ಇದ್ದರು. ಸಂಧ್ಯಾ ಸುರಕ್ಷಾ ಪಿಂಚಣಿ, ತಿಂಗಳಿಗೆ 1,200 ರೂಪಾಯಿ, ನಾಲ್ಕು ತಿಂಗಳಿಂದ ಬಂದಿಲ್ಲ. ಆಧಾರ್ ಜೋಡಣೆ ಆಗಿಲ್ಲ ಅಂತ ಒಬ್ಬರು, ಆಗಿದೆ ಅಂತ ಇನ್ನೊಬ್ಬರು. ಕೊನೆಗೆ ಕೌಂಟರಿನವರು ಅಂಗೈ ಬಿಡಿಸಿ ಐದು ಬೆರಳು ತೋರಿಸಿದರು. ಅಜ್ಜಿ ಸೊಂಟದ ಚೀಲದಿಂದ ಐದು ರೂಪಾಯಿ ನಾಣ್ಯ ತೆಗೆದು ಮುಂದಿಟ್ಟರು. ಸಾಲಿನಲ್ಲಿ ಕೆಲವರು ನಕ್ಕರು. ನಾನೂ ನಕ್ಕೆ.

ನಗದೇ ಇದ್ದವನು ಆ ಹುಡುಗ ಒಬ್ಬನೇ. ಹೆಲ್ಮೆಟ್ ಕೈಯಲ್ಲಿ ಹಿಡಿದುಕೊಂಡೇ ಹಿಂದಿನಿಂದ ಬಂದ. 'ಐನೂರು ಯಾವ ಫೀಸು ಸಾರ್? ರಸೀದಿ ಕೊಡ್ತೀರಾ?' ಅಂದ. 'ನೀನ್ಯಾರೋ ಕೇಳೋಕೆ? ಇವರಿಗೆ ಏನಾಗಬೇಕು?' ಅಂದರು. 'ಏನೂ ಆಗಬೇಕಿಲ್ಲ ಸಾರ್' ಅಂದ. ಕೈ ಎತ್ತಲಿಲ್ಲ, ಒಂದು ಬೈಗುಳ ಆಡಲಿಲ್ಲ. ಇಬ್ಬರು ಸೇರಿ ಕತ್ತಿನ ಪಟ್ಟಿ ಹಿಡಿದು ಹೊರಗೆ ತಳ್ಳಿದರು. ನಿಮ್ಮ ವರದಿಯಲ್ಲಿ ಇದು 'ಯುವಕನಿಂದ ಗಲಾಟೆ'!

ಈಗ ಅವನ ಮೇಲೆ ಸರ್ಕಾರಿ ಕೆಲಸಕ್ಕೆ ಅಡ್ಡಿಪಡಿಸಿದ ಕೇಸು. ಮೊದಲು ಐಪಿಸಿ 353 ಅನ್ನುತ್ತಿದ್ದರು, 2024ರ ಜುಲೈಯಿಂದ ನ್ಯಾಯ ಸಂಹಿತೆಯ 132. ಆ ಸೆಕ್ಷನ್ ಹಾಕಬೇಕಾದರೆ ಹಲ್ಲೆಯೋ ಬಲಪ್ರಯೋಗವೋ ನಡೆದಿರಬೇಕು. ರಸೀದಿ ಕೇಳಿದ್ದು ಹಲ್ಲೆಯಾ? ಕೌಂಟರ್ ಮೇಲಿನ ಬೋರ್ಡಿನಲ್ಲಿ ಇನ್ನೂ 353 ಅಂತಲೇ ಇದೆ, ಬೇರೆ ಬರೆಸುವಷ್ಟು ಪುರುಸೊತ್ತಿಲ್ಲ ಪಾಪ. 'ಲಂಚ ಕೇಳಿದರೆ ಲೋಕಾಯುಕ್ತಕ್ಕೆ ತಿಳಿಸಿ' ಅನ್ನುವ ಬೋರ್ಡೂ ಇದೆ. ಬೀರುವಿನ ಹಿಂದೆ. ಫೋನ್ ನಂಬರಿನ ಕೊನೆಯ ಮೂರು ಅಂಕಿ ಮಾತ್ರ ಕಾಣುತ್ತದೆ. ಉಳಿದದ್ದನ್ನು ನಾವು ಊಹಿಸಿಕೊಳ್ಳಬೇಕು.

ಬಾಯಿ ಬಿಟ್ಟರೆ ಏನಾಗುತ್ತೆ ಅಂತ ನನಗೆ ಚೆನ್ನಾಗಿ ಗೊತ್ತು. 2014ರಲ್ಲಿ ಬೈಪಾಸ್ ಹತ್ತಿರ ಬಿದ್ದಿದ್ದ ಬೈಕಿನವನನ್ನು ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದೆ. ರಾತ್ರಿ ಎರಡರ ತನಕ ಅಲ್ಲೇ ಕೂರಿಸಿದರು. 'ನಿಮಗೂ ಅವನಿಗೂ ಏನು ಸಂಬಂಧ?' ಅಂತ ಕೇಳಿದ್ದನ್ನೇ ಕೇಳಿದರು. ಲಾರಿ ನಂಬರ್ ನೋಡಿದ್ದೇನೆ ಅಂದದ್ದೇ ತಪ್ಪಾಯಿತು. ಸ್ಟೇಷನ್ನಿಗೆ ನಾಲ್ಕು ಸಲ, ಕೋರ್ಟಿಗೆ ಆರು ಸಲ. ಹೋದಾಗೆಲ್ಲ ವಾಯಿದೆ. ನಮ್ಮ ಯಜಮಾನರು ಇವತ್ತಿಗೂ ಅದನ್ನೆತ್ತಿ ಆಡುತ್ತಾರೆ. ಆಮೇಲೆ 2016ರಲ್ಲಿ ಸುಪ್ರೀಂ ಕೋರ್ಟು ಹಾಗೆಲ್ಲ ಪೀಡಿಸಬಾರದು ಅಂತ ಹೇಳಿತು, 2019ರಲ್ಲಿ ಮೋಟಾರು ಕಾಯ್ದೆಗೂ 134ಎ ಅಂತ ಸೇರಿಸಿದರು. ಸಂತೋಷ. ನನ್ನ ಆರು ದಿನದ ದುಡಿಮೆ ಯಾರು ಕೊಡುತ್ತಾರೆ?

ಕಾನೂನಿಗೇನು ಬರ ಇಲ್ಲ ಬಿಡಿ. ಸರ್ಕಾರಿ ಸೇವೆಗೆ ಗಡುವು ಹಾಕುವ 'ಸಕಾಲ' ಕಾಯ್ದೆಯಲ್ಲಿ ನನ್ನ ಪ್ರಮಾಣಪತ್ರಕ್ಕೆ 21 ದಿನ. ರಜೆ ಕಳೆದು 13 ದಿನ ತಡವಾಗಿದೆ. ತಡಕ್ಕೆ ದಿನಕ್ಕೆ 20 ರೂಪಾಯಿ ಅರ್ಜಿದಾರರಿಗೆ ಕೊಡಬೇಕಂತೆ. ಅಂದರೆ ನನಗೆ 260 ರೂಪಾಯಿ ಬರಬೇಕು. ಎಷ್ಟೇ ತಡವಾದರೂ 500 ದಾಟುವ ಹಾಗಿಲ್ಲ. ಅಜ್ಜಿಗೆ ತೋರಿಸಿದ ಐದು ಬೆರಳಿಗೂ ಇದಕ್ಕೂ ಲೆಕ್ಕ ಸರಿಹೋಯಿತು ನೋಡಿ! ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿಯಾದ ಮೇಲೆ ಲಂಚ ಕೊಡುವುದೂ ಅಪರಾಧವಂತೆ. ಬಲವಂತಕ್ಕೆ ಕೊಟ್ಟಿದ್ದರೆ 7 ದಿನದೊಳಗೆ ಹೇಳಬೇಕು. ಅಜ್ಜಿ ಕೊಟ್ಟಿದ್ದರೆ ಯಾರಿಗೆ ಹೋಗಿ ಹೇಳಬೇಕಿತ್ತು? ಬೀರುವಿಗಾ?

ವೆಂಕಟಾಚಲ ಅವರು ಲೋಕಾಯುಕ್ತರಾಗಿದ್ದಾಗ ಆಫೀಸುಗಳಲ್ಲಿ ಒಂದು ಭಯ ಇತ್ತು. ಆಗ ನನಗೆ ಮದುವೆಯಾದ ಹೊಸದು. ಅವರು ಬರುತ್ತಾರಂತೆ ಅಂತ ಸುಳ್ಳು ಸುದ್ದಿ ಹಬ್ಬಿದರೂ ಹತ್ತೂವರೆಗೆ ಎಲ್ಲರೂ ಕುರ್ಚಿಯಲ್ಲಿ. ಆಮೇಲೆ 2016ರಲ್ಲಿ ಎಸಿಬಿ ಅಂತ ಭ್ರಷ್ಟಾಚಾರ ನಿಗ್ರಹ ದಳ ತಂದರು, 2022ರಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಯಾರು ಬಂದರು, ಯಾರು ಹೋದರು, ನಮ್ಮ ಕೌಂಟರಿನವರು ಮಾತ್ರ ಅಲ್ಲೇ. ನಮ್ಮ ಬೀದಿ ದೀಪದ ಬಗ್ಗೆ ಎರಡು ವರ್ಷದಲ್ಲಿ ಮೂರು ಅರ್ಜಿ ಕೊಟ್ಟಿದ್ದೇನೆ, ಅದೂ ಅಲ್ಲೇ.

ನನ್ನ ತಮ್ಮ ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿದವನು. ಅಲ್ಲೇ ಓದಿದ ಮಂಜುನಾಥ್ ಷಣ್ಮುಗಂ ಅವರ ವಿಷಯ ಅವನು ಆಗಾಗ ಎತ್ತುತ್ತಾನೆ. ಕೆಜಿಎಫ್ ಕಡೆಯ ಹುಡುಗ, ಇಂಡಿಯನ್ ಆಯಿಲ್ ಕಂಪನಿಯ ಅಧಿಕಾರಿ, ಕಲಬೆರಕೆ ಪೆಟ್ರೋಲ್ ಹಿಡಿದದ್ದಕ್ಕೆ 2005ರ ನವೆಂಬರ್‌ನಲ್ಲಿ ಉತ್ತರ ಪ್ರದೇಶದಲ್ಲಿ ಗುಂಡಿಕ್ಕಿ ಕೊಂದರು. ಆಗಿನ್ನೂ 27 ವರ್ಷ. ಅಂಥವರನ್ನು ಕಾಪಾಡಲು 2014ರಲ್ಲಿ ಕಾನೂನು ಪಾಸಾಯಿತು, ಇನ್ನೂ ಜಾರಿಗೆ ಬಂದಿಲ್ಲ. ಹಬ್ಬಕ್ಕೆ ಬಟ್ಟೆ ಹೊಲಿದು ಬೀರುವಿನಲ್ಲಿ ಮಡಚಿಟ್ಟ ಹಾಗೆ. ನಮ್ಮದು ಅಷ್ಟು ದೊಡ್ಡ ವಿಷಯವಲ್ಲ, ಬರೀ ಒಂದು ರಸೀದಿ. ಅದಕ್ಕೂ ಸಾಲಿನಲ್ಲಿದ್ದ ನಲವತ್ತು ಜನರ ಬಾಯಿ ಬರಲಿಲ್ಲ. ಹತ್ತು ಜನ ಒಟ್ಟಿಗೆ 'ಹೌದು ಸಾರ್, ರಸೀದಿ ಕೊಡಿ' ಅಂದಿದ್ದರೆ ಎಷ್ಟು ಜನರ ಮೇಲೆ ಕೇಸು ಹಾಕುತ್ತಿದ್ದರು?

ಆ ಹುಡುಗನ ಮೇಲಿನ ಕೇಸು ಕೂಡಲೇ ವಾಪಸ್ ತೆಗೆಯಬೇಕು. ಅಜ್ಜಿಯ ನಾಲ್ಕು ತಿಂಗಳ 4,800 ರೂಪಾಯಿ ಕೊಡಿಸಬೇಕು. ಬೀರು ಸರಿಸಬೇಕು. ಸಂಬಂಧಪಟ್ಟವರು ಎಚ್ಚೆತ್ತುಕೊಳ್ಳಬೇಕು. ಸಂಬಂಧಪಟ್ಟವರು ಅಂದರೆ ಯಾರು ಅಂತ ನನಗೂ ಗೊತ್ತಿಲ್ಲ, ನಿಮಗೆ ಗೊತ್ತಿದ್ದರೆ ತಿಳಿಸಿ. ಹುಡುಗ ಕೈ ಎತ್ತಲಿಲ್ಲ ಅಂತ ಹೇಳಿಕೆ ಕೊಡಲು ನಾನು ಬರುತ್ತೇನೆ, ಶನಿವಾರ ಕಳೆಯಲಿ. ಸಾಲಿನಲ್ಲಿದ್ದ ಉಳಿದವರೂ ಬನ್ನಿ. ಬರುವುದಿಲ್ಲ ಅಂತ ಗೊತ್ತು, ಆದರೂ ಕರೆಯುತ್ತಿದ್ದೇನೆ.

ಇನ್ನೊಂದು ಮಾತು. ವರದಿಯಲ್ಲಿ ಹುಡುಗನ ಹೆಸರು, ಊರು, ಅವನ ಅಪ್ಪನ ಹೆಸರು ಎಲ್ಲ ಹಾಕಿದ್ದೀರಿ. ಕೌಂಟರಿನವರು ಮಾತ್ರ 'ಸಿಬ್ಬಂದಿಯೊಬ್ಬರು'. ಫೋಟೊದಲ್ಲೂ ಅವರ ಮುಖ ಮಸುಕು ಮಾಡಿದ್ದೀರಿ, ನಮ್ಮ ಬೆನ್ನು ಮಾತ್ರ ಎಷ್ಟು ಚೆನ್ನಾಗಿ ಬಂದಿದೆ! ಮೂಕಪ್ರೇಕ್ಷಕರು ಅಂತ ನಮಗೆ ಬರೆಯುವ ಮೊದಲು ಆ ಮಸುಕು ತೆಗೆಯಬಹುದಿತ್ತಲ್ವಾ?

ಇತಿ,
ಹಳದಿ ಸೀರೆಯವಳು

(ಹೆಸರು, ವಿಳಾಸ ಲಕೋಟೆಯೊಳಗಿದೆ. ಹಾಕುವುದಾದರೆ ಭಾನುವಾರದ ಸಂಚಿಕೆಯಲ್ಲಿ ಹಾಕಿ.)