ಪುಟ್ಟನಿಗೊಂದು ಕಾಗದ: ಲಿಂಕು ಸಾಕು, ಚೀಟಿ ಮಾಡಿಸು

ಅರಸೀಕೆರೆ
ಭಾನುವಾರ ಮಧ್ಯಾಹ್ನ

ಚಿ. ಪುಟ್ಟನಿಗೆ ದೊಡ್ಡಮ್ಮನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ದೊಡ್ಡಪ್ಪನ ಮಂಡಿನೋವು ಒಂದು ಬಿಟ್ಟರೆ ಹೇಳಿಕೊಳ್ಳುವಂಥದ್ದೇನಿಲ್ಲ. 'ಅಲ್ಲಿ ನೀನೂ ಕ್ಷೇಮವೆಂದು ಭಾವಿಸುತ್ತೇನೆ' ಅನ್ನುವ ಸಾಲನ್ನು ಈ ಸಲ ಬರೆದಿಲ್ಲ. ಚೆನ್ನಾಗಿಲ್ಲ ಅಂತ ನೀನೇ ಬಾಯಿಬಿಟ್ಟು ಹೇಳಿದ ಮೇಲೆ ಸುಮ್ಮನೆ ಶಾಸ್ತ್ರಕ್ಕೆ ಯಾಕೆ ಬರೆಯಲಿ? ಫೋನಿನಲ್ಲಿ ನಾನು ಹೇಳುತ್ತಾ ಹೋದರೆ ನೀನು ಹೂಂಗುಟ್ಟುತ್ತೀಯ, ಆಮೇಲೆ ಒಂದೂ ನೆನಪಿರುವುದಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಪೋಸ್ಟಿಗೆ ಕಾಯುವ ವಿಷಯವಲ್ಲ, ಬರೆದು ಮುಗಿಸಿ ಫೋಟೋ ತೆಗೆದು ವಾಟ್ಸಾಪಿಗೆ ಹಾಕುತ್ತೇನೆ. ನನ್ನ ಅಕ್ಷರ ದೊಡ್ಡದೇ ಇದೆ, ಓದಬಹುದು.

ನೀನು ಕಳಿಸಿದ ಲಿಂಕುಗಳನ್ನೆಲ್ಲ ತೆಗೆದು ನೋಡಿದೆ. ಉಸಿರಾಟ ಕಲಿಸುವ ಆ್ಯಪು, ಮೂರು ತಿಂಗಳಿಗೆ ದುಡ್ಡು ಕಟ್ಟಿಸಿಕೊಳ್ಳುವ ಒಬ್ಬ 'ಮೈಂಡ್ ಕೋಚ್', ಒಂದು ವಾರದಲ್ಲಿ ಖಿನ್ನತೆ ಓಡಿಸುತ್ತೇನೆ ಅನ್ನುವ ವಿಡಿಯೋ. 'ಇದರಲ್ಲಿ ಯಾವುದು ಒಳ್ಳೆಯದು ದೊಡ್ಡಮ್ಮ' ಅಂತ ಕೇಳಿದ್ದೀಯ. ನಾನು ನೋಡಿದ್ದು ಲಿಂಕನ್ನಲ್ಲ, ನೀನು ಕಳಿಸಿದ ಹೊತ್ತನ್ನು. ಬೆಳಗಿನ ಜಾವ ಎರಡು, ಎರಡೂವರೆ, ಮೂರೂ ಹತ್ತು. ನಿದ್ದೆ ಬರುವುದಿಲ್ಲ ಅನ್ನುವವನು ನಿದ್ದೆ ಬರುವುದು ಹೇಗೆ ಅಂತ ರಾತ್ರಿಯೆಲ್ಲ ಹುಡುಕುತ್ತಾ ಕೂತಿದ್ದಾನೆ. ಹುಡುಕುತ್ತಾ ಇದ್ದರೆ ಏನೋ ಮಾಡುತ್ತಾ ಇದ್ದೇನೆ ಅನ್ನಿಸುತ್ತದೆ, ಆದರೆ ನೀನು ಇನ್ನೂ ಒಬ್ಬ ಡಾಕ್ಟರ ಮುಖ ನೋಡಿಲ್ಲ. ಇವತ್ತು ನಾನು ಹೇಳಬೇಕಾದ್ದು ಇಷ್ಟೇ ಕಣೋ: ಹುಡುಕಿದ್ದು ಸಾಕು, ಈ ವಾರವೇ ಹೋಗಿ ತೋರಿಸಿಕೋ. ಎಲ್ಲಿಗೆ, ಯಾರ ಹತ್ತಿರ ಅನ್ನುವುದನ್ನು ಮುಂದೆ ಬರೆದಿದ್ದೇನೆ.

ಎದೆ ಹಿಡಿದಂತಾಗಿ, ಬೆವತು, ಇನ್ನೇನು ಪ್ರಾಣ ಹೋಗುತ್ತದೆ ಅನ್ನಿಸಿ ರಾತ್ರಿ ಆಸ್ಪತ್ರೆಗೆ ಓಡಿದೆಯಂತೆ. ಇಸಿಜಿ ಸರಿಯಿದೆ ಅಂತ ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟು ಕಳಿಸಿದರಂತೆ. ನಮ್ಮ ಕಡೆ ಹೆಸರು ಸಿಗದ ಕಾಯಿಲೆಗಳೆಲ್ಲ ಗ್ಯಾಸ್ಟ್ರಿಕ್ಕೇ. ತಾಲ್ಲೂಕು ಆಸ್ಪತ್ರೆಯಲ್ಲಿ ನನ್ನ ನೈಟ್ ಡ್ಯೂಟಿಗಳಲ್ಲಿ ನಿನ್ನಂಥ ಎಷ್ಟೋ ಮಕ್ಕಳು ಹೀಗೇ ಬಂದಿದ್ದಾರೆ, 'ಏನೂ ಇಲ್ಲ, ಹೋಗು' ಅನ್ನಿಸಿಕೊಂಡು ಹೋಗಿದ್ದಾರೆ. ಆ 'ಏನೂ ಇಲ್ಲ' ನನಗೆ ಯಾವತ್ತೂ ಹಿಡಿಸಿದ್ದಲ್ಲ. ಹೃದಯ ಸರಿಯಿದೆ ಅನ್ನುವುದು ಒಳ್ಳೆಯ ಸುದ್ದಿಯೇ. ಆದರೆ ಎದೆ ಬಡಿದುಕೊಂಡದ್ದು ಸುಳ್ಳಲ್ಲ, ಕೈ ನಡುಗಿದ್ದು ನಾಟಕವಲ್ಲ. ಅದು ಪ್ಯಾನಿಕ್. ಹುಲಿ ಕಂಡರೆ ಮೈ ಹೇಗೆ ಸಜ್ಜಾಗುತ್ತದೋ ಹುಲಿಯಿಲ್ಲದೆಯೂ ಹಾಗೇ ಆಗುವುದು. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಏರಿ, ತಾನಾಗಿ ಇಳಿಯುತ್ತದೆ. ಇದಕ್ಕೆ ಚೆನ್ನಾದ ಚಿಕಿತ್ಸೆಯಿದೆ. ಹೋದಾಗ ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ಇವಿಷ್ಟನ್ನು ಪರೀಕ್ಷೆ ಮಾಡಿಸಬೇಕೇ ಅಂತ ಕೇಳು. ಮೈಯ ಕೊರತೆ ಮನಸ್ಸಿನ ವೇಷ ಹಾಕಿಕೊಂಡು ಬರುವುದೂ ಉಂಟು.

ಇನ್ನು ಖಿನ್ನತೆ ಎಷ್ಟಿದೆ ಅಂತ ಅಳೆಯಲು ನೀನು ತುಂಬಿದ ಆ ಒಂಬತ್ತು ಪ್ರಶ್ನೆಯ ಪಟ್ಟಿ. 27ಕ್ಕೆ 16 ಬಂತು ಅಂದೆ. ಅದು ಸುಳ್ಳು ಪಟ್ಟಿಯಲ್ಲ, ಡಾಕ್ಟರುಗಳೂ ಬಳಸುತ್ತಾರೆ. ಆದರೆ ಅದು ಡಾಕ್ಟರ ಹತ್ತಿರ ಹೋಗಬೇಕೋ ಬೇಡವೋ ಅಂತ ತಿಳಿಯುವುದಕ್ಕೆ, ಕಾಯಿಲೆ ಇಂಥದ್ದೇ ಅಂತ ತೀರ್ಮಾನ ಮಾಡುವುದಕ್ಕಲ್ಲ. 16 ಅಂದರೆ ಹೋಗಬೇಕು, ಅಷ್ಟೇ. ಅದರ ಕೊನೆಯ ಪ್ರಶ್ನೆಗೆ ಏನು ಬರೆದೆ ಅಂತ ನಾನು ಮೊನ್ನೆ ನೇರವಾಗಿ ಕೇಳಿದ್ದಕ್ಕೆ 'ಸಾಯಬೇಕು ಅಂತಲ್ಲ ದೊಡ್ಡಮ್ಮ, ಬೆಳಗ್ಗೆ ಎಚ್ಚರವೇ ಆಗದಿದ್ದರೆ ಚೆನ್ನಾಗಿತ್ತು ಅನ್ನಿಸುತ್ತೆ' ಅಂದೆ. ಹೇಳಿದೆಯಲ್ಲ, ನನಗೆ ಅದೇ ದೊಡ್ಡದು. ಈ ಮಾತನ್ನು ಡಾಕ್ಟರ ಮುಂದೆಯೂ ಹೀಗೇ ಹೇಳು, ನಾಜೂಕು ಮಾಡಬೇಡ. ಅದು ಯಾವತ್ತಾದರೂ ಬರೀ ಅನ್ನಿಸುವುದನ್ನು ಬಿಟ್ಟು ಹೇಗೆ, ಎಲ್ಲಿ ಅನ್ನುವ ಕಡೆ ತಿರುಗಿತೋ, ಆ ಕ್ಷಣ ಒಬ್ಬನೇ ಇರಕೂಡದು. ರೂಮಿನ ಹುಡುಗನನ್ನು ಎಬ್ಬಿಸು, ನನಗೆ ಫೋನ್ ಮಾಡು, ನಿಮ್ಹಾನ್ಸ್‌ನ ತುರ್ತು ವಿಭಾಗ ರಾತ್ರಿ ಹಗಲು ತೆರೆದಿರುತ್ತದೆ, ಆಟೋ ಹತ್ತು. ಆಂಬುಲೆನ್ಸ್ ಬೇಕಾದರೆ 108.

ಅಷ್ಟು ವಿಪರೀತ ಅಲ್ಲದ, ಆದರೆ ತಡೆಯಲಾಗದ ರಾತ್ರಿಗಳಿಗೆ ಒಂದು ನಂಬರು ಬರೆದುಕೋ: 14416. ಟೆಲಿ ಮಾನಸ್ ಅಂತ, ಸರಕಾರದ್ದು, 2022ರ ಅಕ್ಟೋಬರ್ 10ರಂದು ಶುರುವಾಯಿತು. ದೇಶಕ್ಕೆಲ್ಲ ಅದರ ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸೇ. ದುಡ್ಡಿಲ್ಲ, ಇಪ್ಪತ್ನಾಲ್ಕು ಗಂಟೆಯೂ ಇರುತ್ತದೆ, ಕನ್ನಡ ಆರಿಸಿಕೊಂಡರೆ ಕನ್ನಡದಲ್ಲೇ ಮಾತಾಡುತ್ತಾರೆ. ಮೊದಲು ಆಪ್ತಸಮಾಲೋಚಕರು ಸಿಗುತ್ತಾರೆ, ಬೇಕು ಅನ್ನಿಸಿದರೆ ಮನೋವೈದ್ಯರಿಗೆ ಕೊಡುತ್ತಾರೆ. ರಾತ್ರಿ ಎರಡು ಗಂಟೆಗೆ ವಿಡಿಯೋ ನೋಡುವ ಬದಲು ಅಲ್ಲಿಗೆ ಫೋನ್ ಮಾಡು.

ಯಾರು ಏನು ಅನ್ನುವುದು ನಿನಗೆ ಕಲಸಿಹೋಗಿದೆ, ತಪ್ಪಿಲ್ಲ, ಓದಿದವರಿಗೂ ಗೊತ್ತಿರುವುದಿಲ್ಲ. ಮನೋವೈದ್ಯರು ಅಂದರೆ ಎಂಬಿಬಿಎಸ್ ಮಾಡಿ ಆಮೇಲೆ ಮನೋವೈದ್ಯಶಾಸ್ತ್ರದಲ್ಲಿ ಎಂಡಿ, ಡಿಎನ್‌ಬಿ ಅಥವಾ ಡಿಪಿಎಂ ಮಾಡಿದವರು. ಮಾತ್ರೆ ಬರೆದುಕೊಡುವವರು ಇವರು. ಕ್ಲಿನಿಕಲ್ ಸೈಕಾಲಜಿಸ್ಟ್ ಅಂದರೆ ಮಾತಿನ ಚಿಕಿತ್ಸೆ ಮಾಡುವವರು, ಹೆಚ್ಚಿನವರು ಎಂಫಿಲ್ ಓದಿರುತ್ತಾರೆ. ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ, ಇವರ ಹೆಸರು ನೋಂದಣಿಯಾಗಿರಬೇಕು. ನಂಬರು ಕೇಳಬಹುದು, ಕೇಳಿದರೆ ಯೋಗ್ಯರು ಬೇಸರಪಡುವುದಿಲ್ಲ. ಕೌನ್ಸೆಲರ್ ಅನ್ನುವ ಬೋರ್ಡಿದೆಯಲ್ಲ, ಎಚ್ಚರ ಬೇಕಾದದ್ದು ಅಲ್ಲಿ. ಎಂಎಸ್ಸಿ ಸೈಕಾಲಜಿ, ಎಂಎಸ್‌ಡಬ್ಲ್ಯೂ ಮಾಡಿ ತರಬೇತಿ ಪಡೆದ ಒಳ್ಳೆಯವರೂ ಆ ಬೋರ್ಡು ಹಾಕುತ್ತಾರೆ, ಎರಡು ದಿನದ ಕೋರ್ಸು ಮುಗಿಸಿದವನೂ ಹಾಕುತ್ತಾನೆ. ಏನು ಓದಿದ್ದೀರಿ ಅಂತ ಕೇಳು. ಕೇಳಿದ್ದಕ್ಕೆ ಯಾರಾದರೂ ತಮ್ಮ ಕಷ್ಟದ ಕಥೆ ಹೇಳಿ, ಅದೇ ನನ್ನ ಡಿಗ್ರಿ ಅಂದರೆ, ನಮಸ್ಕಾರ ಹಾಕಿ ಎದ್ದು ಬಾ. ನಿನ್ನ ಮೈಂಡ್ ಕೋಚ್ ಆ ಜಾತಿಯವನು. ಉಸಿರಾಟದ ಆ್ಯಪನ್ನು ಇಟ್ಟುಕೋ, ಅದರಿಂದ ನಷ್ಟವಿಲ್ಲ.

ಈಗ ಎಲ್ಲಿಗೆ ಅನ್ನುವುದು. ನೀನಿರುವುದು ಬೆಂಗಳೂರಿನಲ್ಲಿ, ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಇದೆ. ದೂರದ ಊರುಗಳಿಂದ ಜನ ರಾತ್ರಿ ಬಸ್ಸು ಹತ್ತಿ ಬರುವ ಜಾಗ ನಿನ್ನ ಪೀಜಿಯಿಂದ ಒಂದು ಬಸ್ಸಿನ ದೂರ. ಆದರೂ ನಿನಗೆ ಮುಜುಗರ. 'ಇವನನ್ನ ನಿಮ್ಹಾನ್ಸಿಗೆ ಸೇರಿಸಬೇಕು' ಅಂತ ಕ್ಲಾಸಿನಲ್ಲಿ, ಸಿನಿಮಾದಲ್ಲಿ ತಮಾಷೆ ಮಾಡಿ ಮಾಡಿ ಆ ಹೆಸರನ್ನೇ ಬೈಗುಳ ಮಾಡಿಟ್ಟಿದ್ದೀರಿ. ಅಲ್ಲಿಗೆ ಪಾರ್ಶ್ವವಾಯು ಆದವರು ಬರುತ್ತಾರೆ, ಫಿಟ್ಸ್ ಬರುವ ಮಕ್ಕಳು ಬರುತ್ತಾರೆ, ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದವರು ಬರುತ್ತಾರೆ. ಗೇಟಿನಲ್ಲಿ ನಿನ್ನನ್ನು ನೋಡಿದವನಿಗೆ ನೀನು ಯಾವುದಕ್ಕೆ ಬಂದೆ ಅಂತ ಹೇಗೆ ಗೊತ್ತಾಗುತ್ತದೆ? ಬೆಳಗ್ಗೆ ಬೇಗ ಹೋಗಿ ಚೀಟಿ ಮಾಡಿಸಬೇಕು. ಕಾಯಬೇಕಾಗುತ್ತದೆ, ಅರ್ಧ ದಿನ ರಜೆ ಅಂದುಕೊಂಡು ಹೋಗಬೇಡ, ಪೂರಾ ದಿನ ಹಾಕು. ಮೊದಲ ದಿನ ಒಬ್ಬರು ಕೇಳಿದ್ದನ್ನೇ ಇನ್ನೊಬ್ಬರು ಕೇಳಿಯಾರು, ಕಲಿಯುತ್ತಿರುವ ಡಾಕ್ಟರು ಬರೆದುಕೊಂಡದ್ದನ್ನು ದೊಡ್ಡ ಡಾಕ್ಟರು ಮತ್ತೆ ನೋಡುತ್ತಾರೆ. ಬೇಸರಪಟ್ಟುಕೊಂಡು ಎದ್ದು ಬರಬೇಡ.

ಅಷ್ಟು ದೊಡ್ಡ ಆಸ್ಪತ್ರೆಯ ಒಳಗೆ ಕಾಲಿಡಲು ಅಳುಕುವವರಿಗೇ ಅಂತ ಅವರದೇ ಒಂದು ಕ್ಷೇಮ ಕೇಂದ್ರ ಬಿಟಿಎಂ ಲೇಔಟಿನಲ್ಲಿದೆ, ನಿಮ್ಹಾನ್ಸ್ ಸೆಂಟರ್ ಫಾರ್ ವೆಲ್ ಬೀಯಿಂಗ್. ಮೊದಲೇ ಫೋನ್ ಮಾಡಿ ಸಮಯ ಕೇಳಿಕೊಂಡು ಹೋಗು. ವಿಕ್ಟೋರಿಯಾದಲ್ಲಿ, ಸೇಂಟ್ ಜಾನ್ಸ್‌ನಲ್ಲಿ ಮನೋವೈದ್ಯ ವಿಭಾಗಗಳಿವೆ. ಊರಿಗೇ ಬರುತ್ತೇನೆ ಅಂದರೆ ಹಾಸನದ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲೂ ಇದೆ. ನಾನು ಕೆಲಸದಲ್ಲಿದ್ದ ಕೊನೆಯ ವರ್ಷಗಳಲ್ಲಿ 'ಮನೋಚೈತನ್ಯ' ಅಂತ ಶುರುವಾಗಿ, ಮಂಗಳವಾರ ತಾಲ್ಲೂಕು ಆಸ್ಪತ್ರೆಗೇ ಮನೋವೈದ್ಯರು ಬರುವ ಏರ್ಪಾಡಾಯಿತು. ಮೊದಮೊದಲು ಜನ ಹಿಂದಿನ ಬಾಗಿಲಿನಿಂದ ಬರುತ್ತಿದ್ದರು, ಆಮೇಲೆ ಮಂಗಳವಾರದ ಸಾಲು ಬಿಪಿ ಸಾಲಿನ ಉದ್ದಕ್ಕೇ ಆಯಿತು. ಇದು ಹೊಸದಾಗಿ ಹೊಳೆದದ್ದೇನೂ ಅಲ್ಲ. 1980ರ ದಶಕದಲ್ಲೇ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಹಳ್ಳಿಯಲ್ಲೇ ಮಾತ್ರೆ ಸಿಗುವ ಹಾಗೆ ಮಾಡಿ ತೋರಿಸಿದ್ದರು. 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾದದ್ದು ಅದೇ ಮಾದರಿಯಲ್ಲಿ. ನಮ್ಮ ಬಳ್ಳಾರಿ ದೇಶಕ್ಕೆ ಗಣಿ ಒಂದನ್ನೇ ಕೊಟ್ಟದ್ದಲ್ಲ ಅಂತ ನಾನು ಸಿಕ್ಕಸಿಕ್ಕವರಿಗೆ ಹೇಳುತ್ತಿರುತ್ತೇನೆ.

ಆಫೀಸಿನಲ್ಲಿ ಗೊತ್ತಾದರೆ ಅನ್ನುವ ನಿನ್ನ ಭಯಕ್ಕೆ: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ನಿನ್ನ ಚಿಕಿತ್ಸೆಯ ವಿಷಯ ಗುಟ್ಟಾಗಿಡುವುದು ಆಸ್ಪತ್ರೆಯ ಹೊಣೆ. ರಜೆಗೆ 'ಆರೋಗ್ಯ ಸರಿಯಿಲ್ಲ' ಅಂದರೆ ಸಾಕು, ಅದು ನಿಜವೇ. ಅದೇ ಕಾಯ್ದೆ ಮೈಯ ಕಾಯಿಲೆಗೆ ಇರುವ ವಿಮೆ ಮನಸ್ಸಿನ ಕಾಯಿಲೆಗೂ ಇರಬೇಕು ಅನ್ನುತ್ತದೆ. ಆದರೆ ಹೊರರೋಗಿಯಾಗಿ ತೋರಿಸಿದ್ದಕ್ಕೆ ಎಷ್ಟೋ ಪಾಲಿಸಿಗಳಲ್ಲಿ ದುಡ್ಡು ಬರುವುದಿಲ್ಲ, ನಿನ್ನದನ್ನು ಓದಿ ನೋಡು. ನಿಮ್ಮಂಥ ಕಂಪನಿಗಳು ಕೆಲವು ಸಲದ ಕೌನ್ಸೆಲಿಂಗ್ ಉಚಿತವಾಗಿ ಕೊಡುವುದೂ ಉಂಟು. ಇದ್ದರೆ ಬಳಸಿಕೋ.

ಮಾತ್ರೆಯ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ನಿನ್ನ ಗೆಳೆಯ ಕೊಟ್ಟ ನಿದ್ದೆ ಮಾತ್ರೆಯ ಸ್ಟ್ರಿಪ್ಪಿನ ಫೋಟೋ ನೋಡಿದೆ, ಅದು ಆಲ್ಪ್ರಜೋಲಾಮ್. ಡಾಕ್ಟರ ಚೀಟಿಯಿಲ್ಲದೆ ಮಾರಕೂಡದ್ದು. ತಿಂದ ರಾತ್ರಿ ಹಿತವಾಗಿರುತ್ತದೆ, ದಿನಾ ತಿಂದರೆ ಕೆಲವೇ ವಾರಗಳಲ್ಲಿ ಅದಿಲ್ಲದೆ ನಿದ್ದೆ ಬಾರದ ಹಾಗಾಗುತ್ತದೆ. ಕುಡಿತದ ಜೊತೆ ಸೇರಿದರೆ ಪ್ರಾಣಕ್ಕೇ ಅಪಾಯ. ಎರಡು ಸಲ ತಿಂದೆ ಅಂದೆಯಲ್ಲ, ಇನ್ನು ಬೇಡ. ಖಿನ್ನತೆಗೆ ಡಾಕ್ಟರು ಕೊಡುವ ಎಸ್ಸಿಟಲೋಪ್ರಾಮ್, ಸರ್ಟ್ರಲಿನ್ ಮುಂತಾದವು ಬೇರೆಯೇ ಜಾತಿ. ಅವು ಚಟ ಹಿಡಿಸುವುದಿಲ್ಲ, ತಿಂದ ಮಾರನೆಯ ದಿನ ಗುಣ ಕಾಣಿಸುವುದೂ ಇಲ್ಲ. ಮೊದಲ ವಾರ ಹೊಟ್ಟೆ ತೊಳೆಸಬಹುದು, ಕಳವಳ ಸ್ವಲ್ಪ ಜಾಸ್ತಿಯಾದಂತೆ ಅನ್ನಿಸಬಹುದು. ತೀರಾ ಹೆಚ್ಚಾದರೆ ಮುಂದಿನ ತಾರೀಕಿಗೆ ಕಾಯದೆ ಡಾಕ್ಟರಿಗೆ ತಿಳಿಸು. ಗುಣ ಗೊತ್ತಾಗಲು ಎರಡರಿಂದ ನಾಲ್ಕು ವಾರ, ಕೆಲವರಿಗೆ ಇನ್ನೂ ಹೆಚ್ಚು. ನಾನು ಕಂಡವರಲ್ಲಿ ಅರ್ಧದಷ್ಟು ಜನ ಕೆಲಸ ಮಾಡಲಿಲ್ಲ ಅಂತ ಹತ್ತನೇ ದಿನಕ್ಕೇ ನಿಲ್ಲಿಸಿಬಿಡುತ್ತಿದ್ದರು. ಇನ್ನರ್ಧ ಹುಷಾರಾದೆ ಅಂತ ಎರಡನೇ ತಿಂಗಳಿಗೆ ನಿಲ್ಲಿಸುತ್ತಿದ್ದರು, ಮಳೆಗಾಲದ ಹೊತ್ತಿಗೆ ಮತ್ತೆ ನಮ್ಮ ಬಾಗಿಲಲ್ಲಿ. ಹುಷಾರಾದ ಮೇಲೂ ಆರು ತಿಂಗಳಾದರೂ ಮುಂದುವರಿಸಬೇಕು, ನಿಲ್ಲಿಸುವಾಗ ಡಾಕ್ಟರು ಹೇಳಿದಂತೆ ಮೆಲ್ಲಮೆಲ್ಲಗೆ ಇಳಿಸಬೇಕು. ಎಲ್ಲರಿಗೂ ಮಾತ್ರೆ ಬೇಕು ಅಂತಲ್ಲ. ಪ್ಯಾನಿಕ್ಕಿಗೆ, ಅಷ್ಟೇನೂ ತೀವ್ರವಲ್ಲದ ಖಿನ್ನತೆಗೆ ವಾರಕ್ಕೊಮ್ಮೆ ಕೂತು ಮಾಡುವ ಮಾತಿನ ಚಿಕಿತ್ಸೆಯೇ ಸಾಕಾಗಬಹುದು. ಅದು ಬುದ್ಧಿಹೇಳುವುದಲ್ಲ, ಮನೆಗೆಲಸವೂ ಕೊಡುತ್ತಾರೆ, ಅದನ್ನು ಮಾಡಬೇಕು. ಯಾವುದು ನಿನಗೆ ಅನ್ನುವುದನ್ನು ಅವರು ಹೇಳಲಿ, ನಾನೂ ಬೇಡ, ಫೋನೂ ಬೇಡ.

ನಿಮ್ಮಮ್ಮನ ಜೊತೆ ನಾನು ಮಾತಾಡಿದೆ, ನೀನು ಒಪ್ಪಿಕೊಂಡಷ್ಟನ್ನೇ ಹೇಳಿದೆ. ಮೊದಲು ಅತ್ತಳು. ಆಮೇಲೆ ದೃಷ್ಟಿ ತೆಗೆಸಬೇಕು, ಹರಕೆ ತೀರಿಸಬೇಕು ಅಂದಳು. ಆಮೇಲೆ 'ನಾಳೆ ಹೆಣ್ಣು ಕೊಡೋರು ಏನಂತಾರೆ' ಅಂದಳು, ಅದು ಬರುತ್ತದೆ ಅಂತ ನನಗೆ ಗೊತ್ತಿತ್ತು. ಹರಕೆಗೆ ನಾನು ಬೇಡ ಅನ್ನಲಿಲ್ಲ. ದೇವರ ಗುಡಿಗೆ ಹೋಗಿ ಬಂದರೆ ಅವಳಿಗೆ ಸಮಾಧಾನ, ನಿನಗೂ ಒಂದು ದಿನ ಊರು. ಡಾಕ್ಟರನ್ನು ಬಿಟ್ಟು ಬರೀ ಅದನ್ನೇ ನೆಚ್ಚಿಕೊಳ್ಳುವುದಕ್ಕೆ ಮಾತ್ರ ನಾನು ಬಿಡುವುದಿಲ್ಲ. 2001ರ ಆಗಸ್ಟಿನಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ, ಮನಸ್ಸಿನ ಕಾಯಿಲೆ ವಾಸಿಯಾಗಲಿ ಅಂತ ದರ್ಗಾಕ್ಕೆ ಕರೆತಂದವರನ್ನು ಸರಪಳಿ ಹಾಕಿ ಇಟ್ಟಿದ್ದ ಗುಡಿಸಲಿಗೆ ಬೆಂಕಿ ಬಿದ್ದು 28 ಜನ ಕಟ್ಟಿದಲ್ಲೇ ಸುಟ್ಟುಹೋದರು. ಆ ಸುದ್ದಿ ಬಂದ ದಿನ ನಮ್ಮ ವಾರ್ಡಿನಲ್ಲಿ ಯಾರಿಗೂ ಊಟ ಸೇರಲಿಲ್ಲ. ಹೆಣ್ಣು ಕೊಡುವ ಮಾತು ಈಗ ಬೇಡ ಅಂದಿದ್ದೇನೆ. ದೀಪಿಕಾ ಪಡುಕೋಣೆ 2015ರಲ್ಲೇ ತನಗೆ ಖಿನ್ನತೆಯಿತ್ತು ಅಂತ ಟಿವಿಯಲ್ಲಿ ಕೂತು ಹೇಳಿದಳು, ಆಮೇಲೆ ಮದುವೆಯೂ ಆಯಿತು, ಮಗುವೂ ಆಯಿತು ಅಂದೆ. ಅದಕ್ಕೆ ನಿಮ್ಮಮ್ಮ 'ಅವಳು ದುಡ್ಡಿರೋಳು ಬಿಡು' ಅಂದಳು. ಅದೂ ಸರಿಯೇ. ಆದರೆ ಅದೇ ವರ್ಷ ಅವಳು ಕಟ್ಟಿದ ಸಂಸ್ಥೆ ದಾವಣಗೆರೆ ಕಡೆಯ ಹಳ್ಳಿಗಳಲ್ಲಿ ದುಡ್ಡಿಲ್ಲದವರಿಗೂ ಚಿಕಿತ್ಸೆ ಸಿಗುವ ಕೆಲಸ ಮಾಡಿದೆ ಅನ್ನುವುದನ್ನು ಮುಂದಿನ ಸಲ ಹೇಳುತ್ತೇನೆ. ಒಂದೇ ದಿನಕ್ಕೆ ಎಲ್ಲವನ್ನೂ ಹೇರಬಾರದು.

ಮಿಕ್ಕದ್ದು ನಿನಗೆ ಗೊತ್ತಿರುವುದೇ. ಸಂಜೆಯ ಮೇಲೆ ಕಾಫಿ ಬೇಡ. ಮಲಗುವಾಗ ಫೋನು ಕೈಗೆಟುಕದ ಕಡೆ ಇರಲಿ. ಬಿಸಿಲು ಏರುವ ಮೊದಲು ಅರ್ಧ ಗಂಟೆ ನಡೆ, ಮನಸ್ಸಿಲ್ಲದಿದ್ದರೂ ನಡೆ. ಮನಸ್ಸು ಬಂದಮೇಲೆ ನಡೆಯುತ್ತೇನೆ ಅಂದರೆ ಅದು ಬರುವುದಿಲ್ಲ. ಯೋಗ ಬೇಕೆನಿಸಿದರೆ ನಿಮ್ಹಾನ್ಸ್‌ನಲ್ಲೇ ಕಲಿಸುತ್ತಾರೆ.

ಆಧಾರ್ ಕಾರ್ಡು, ಇಸಿಜಿ ರಿಪೋರ್ಟು, ಗ್ಯಾಸ್ಟ್ರಿಕ್ ಮಾತ್ರೆಯ ಚೀಟಿ, ಆ ಸ್ಟ್ರಿಪ್ಪು, ಎಲ್ಲವನ್ನೂ ಒಂದು ಕವರಿಗೆ ಹಾಕಿಡು. ಯಾವಾಗಿನಿಂದ ನಿದ್ದೆ ಕೆಟ್ಟಿತು, ತೂಕ ಎಷ್ಟು ಇಳಿಯಿತು, ಕುಡಿಯುತ್ತೀಯೋ ಇಲ್ಲವೋ, ಒಂದು ಹಾಳೆಯಲ್ಲಿ ಬರೆದುಕೋ, ಅವರ ಮುಂದೆ ಕೂತಾಗ ಮಾತು ಮರೆತುಹೋಗುತ್ತದೆ. ನಿನ್ನ ತಾತನ ತಮ್ಮನಿಗೂ ಹೀಗೇ ಆಗಿತ್ತು, ಮನೆಯಲ್ಲಿ ಯಾರೂ ಆಡುವುದಿಲ್ಲ ಅಷ್ಟೆ. ಮನೆಯಲ್ಲಿ ಯಾರಿಗಾದರೂ ಇತ್ತೇ ಅಂತ ಕೇಳಿದರೆ ಇತ್ತು ಅನ್ನು. ಗುರುವಾರ ರಜೆ ಸಿಗುತ್ತದೆಯೋ ಶುಕ್ರವಾರವೋ ಅಂತ ನಾಳೆ ರಾತ್ರಿಯೊಳಗೆ ತಿಳಿಸು. ನಾನು ಹಿಂದಿನ ದಿನವೇ ರೈಲು ಹತ್ತಿ ಬಂದು ನಿಮ್ಮ ಸೋದರತ್ತೆ ಮನೆಯಲ್ಲಿರುತ್ತೇನೆ. ಚೀಟಿಯ ಸಾಲಿನಲ್ಲಿ ನಿಲ್ಲುವ ಅಭ್ಯಾಸ ನಿನಗಿಂತ ನನಗೆ ಜಾಸ್ತಿ. ನೀನು ಒಳಗೆ ಹೋದಾಗ ನಾನು ಹೊರಗೇ ಕೂತಿರುತ್ತೇನೆ, ಕರೆದರೆ ಮಾತ್ರ ಬರುತ್ತೇನೆ. ಚಕ್ಕುಲಿ ತರಲೋ ಕೋಡುಬಳೆ ತರಲೋ, ಅದನ್ನೂ ಹೇಳು.

ಇಂತಿ,
ನಿನ್ನ ದೊಡ್ಡಮ್ಮ